ತಂಬೂರಿ ಕಡಿಯದ ಸ್ಟ್ರೀಮರ್: ಒಂದು ಜೋಡಣೆಯ ದಾಖಲೆ

ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ ಕ್ಯಾಸೆಟ್ ಕಾಲದ ಇಂಟಿಗ್ರೇಟೆಡ್ ಆಂಪ್ಲಿಫೈಯರ್, ಎರಡು ಸ್ಪೀಕರುಗಳು ಮತ್ತು ಒಂದು ಸಿ.ಡಿ. ಪ್ಲೇಯರ್ ಬಹುಕಾಲದಿಂದ ಇವೆ. ಸಿ.ಡಿ. ಪ್ಲೇಯರಿನ ಲೇಸರ್ ಭಾಗ ಸೋತು, ಅದರ ಬದಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯಲ್ಲೂ ಸಿಗದೆ ಹೋದಾಗ, ಕಪಾಟಿನಲ್ಲಿರುವ ಸಂಗೀತವನ್ನೆಲ್ಲ ಕಡತಗಳಾಗಿ ಮಾಡಿ ಅದೇ ಆಂಪ್ಲಿಫೈಯರಿನ ಮೂಲಕ ಕೇಳುವಂತೆ ಒಂದು ನೆಟ್‌ವರ್ಕ್ ಸ್ಟ್ರೀಮರನ್ನು, ಅಂದರೆ ಡಿಸ್ಕಿನ ಅಥವಾ ಇಂಟರ್ನೆಟ್ಟಿನ ಸಂಗೀತವನ್ನು ನುಡಿಸಿ ಆಂಪ್ಲಿಫೈಯರಿಗೆ ಕಳಿಸುವ ಸಣ್ಣ ಯಂತ್ರವನ್ನು, ಇಡುವುದೆಂದು ತೀರ್ಮಾನಿಸಿದೆ. ಆ ಕೆಲಸ ಈಗ ಮುಗಿದಿದೆ. ಯಾವುದನ್ನು ಏಕೆ ಆರಿಸಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಹೋಯಿತು, ಎಷ್ಟು ಖರ್ಚಾಯಿತು ಎಂಬುದನ್ನು ಇಂಥದ್ದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಲೆಂದು ಕ್ರಮವಾಗಿ ಬರೆದಿಡುತ್ತಿದ್ದೇನೆ.

ಹಂತ 1: ಬೇಕಾದದ್ದನ್ನು ಬರೆದಿಟ್ಟುಕೊಂಡದ್ದು

ಅಂಗಡಿಗೆ ಹೋಗುವ ಮೊದಲೇ ಮೂರು ಷರತ್ತುಗಳನ್ನು ಕಾಗದದ ಮೇಲೆ ಬರೆದುಕೊಂಡೆ.

ಮೊದಲನೆಯದು, ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹೋಗುವಾಗ ಸದ್ದು ನಿಲ್ಲಬಾರದು. ಕಛೇರಿಯ ಸಿ.ಡಿ.ಗಳಲ್ಲಿ ರಾಗಾಲಾಪನೆ ಒಂದು ಟ್ರ್ಯಾಕು, ತಾನ ಇನ್ನೊಂದು, ಪಲ್ಲವಿ ಮತ್ತೊಂದು ಎಂದು ವಿಂಗಡಿಸಿರುತ್ತಾರೆ, ಆದರೆ ಹಿಂದೆ ಮಿಡಿಯುವ ತಂಬೂರಿ ಒಂದೇ ಸಮನೆ ಹರಿಯುತ್ತಿರುತ್ತದೆ. ಆಲಾಪನೆಯ ಕೊನೆಯ ಷಡ್ಜ ಇನ್ನೂ ಕಿವಿಯಲ್ಲಿರುವಾಗಲೇ ಅರ್ಧ ಸೆಕೆಂಡು ಮೌನ ಬಂದು, ತಂಬೂರಿ ಕಡಿದು ಮತ್ತೆ ಹೊತ್ತಿಕೊಂಡರೆ ಕೇಳುವವನ ಶ್ರುತಿಯೇ ಕಲಕಿಹೋಗುತ್ತದೆ. ಬಿಡಿಬಿಡಿ ಹಾಡುಗಳನ್ನಷ್ಟೇ ಕೇಳುವವರಿಗೆ ಇದು ಗಮನಕ್ಕೇ ಬಾರದಿರಬಹುದು, ನಮಗೆ ಮಾತ್ರ ಇದೇ ಮುಖ್ಯ ಪರೀಕ್ಷೆ.

ಎರಡನೆಯದು, ಕರೆಂಟು ಹೋದರೆ ಅಥವಾ ಗೋಡೆಯ ಸ್ವಿಚ್ಚನ್ನು ಯಾರಾದರೂ ಸುಮ್ಮನೆ ಆರಿಸಿದರೆ ಯಂತ್ರ ಕೆಡಬಾರದು. ನಮ್ಮ ಮನೆಯಲ್ಲಿ ರಾತ್ರಿ ಮಲಗುವ ಮುನ್ನ ಎಲ್ಲ ಸ್ವಿಚ್ಚುಗಳನ್ನೂ ಆರಿಸುವ ರೂಢಿಯಿದೆ. ಆ ರೂಢಿಯನ್ನು ಬದಲಿಸುವ ಉದ್ದೇಶ ನನಗಿರಲಿಲ್ಲ.

ಮೂರನೆಯದು, ಅಪ್ಪನವರು ರಾಗದ ಹೆಸರಿನಿಂದ ಹುಡುಕುವಂತಿರಬೇಕು. ಅವರು ಕೇಳುವುದು ‘ಇವತ್ತು ಕಾಂಬೋಧಿ ಯಾವುದಿದೆ’ ಎಂದೇ ಹೊರತು ಆಲ್ಬಮ್ಮಿನ ಹೆಸರಿನಿಂದ ಅಲ್ಲ.

ಬಿಟ್ ಎಷ್ಟು, ಕಿಲೋಹರ್ಟ್ಸ್ ಎಷ್ಟು ಎಂಬ ಧ್ವನಿಯ ಸೂಕ್ಷ್ಮತೆಯ ಲೆಕ್ಕ ಈ ಪಟ್ಟಿಯಲ್ಲಿ ಬೇಕೆಂದೇ ಇಲ್ಲ. ನಮ್ಮ ಸಂಗ್ರಹದ ಬಹುಪಾಲು 16 ಬಿಟ್, 44.1 ಕಿಲೋಹರ್ಟ್ಸ್‌ನ ಸಿ.ಡಿ. ಮಾತ್ರ. ಇಂದಿನ ಯಾವ ಸಾಧಾರಣ ಡ್ಯಾಕ್ (ಅಂಕಿಗಳ ರೂಪದ ಸಂಗೀತವನ್ನು ಸದ್ದಿನ ವಿದ್ಯುತ್ ಸಂಕೇತವಾಗಿಸುವ) ಚಿಪ್ಪಾದರೂ ಅದನ್ನು ನೆಟ್ಟಗೆ ನುಡಿಸುತ್ತದೆ, ಆದ್ದರಿಂದ ಡ್ಯಾಕ್ ಆಯ್ಕೆಗೆ ನಾನು ಕೊನೆಯ ಸ್ಥಾನ ಕೊಟ್ಟೆ. ಕೆಲಸ ಮುಗಿದ ಮೇಲೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹಂತ 2: ಸಿದ್ಧ ಪೆಟ್ಟಿಗೆಯೋ, ಕೈಜೋಡಣೆಯೋ

ಬ್ಲೂಟೂತ್ ರಿಸೀವರನ್ನು ಮೊದಲೇ ಬಿಟ್ಟೆ. ಅದು ಸಂಗೀತವನ್ನು ಮತ್ತೊಮ್ಮೆ ಸಂಕುಚಿಸಿ ಕಳಿಸುವುದಲ್ಲದೆ, ಫೋನಿಗೆ ಕರೆ ಬಂದರೆ ಕಛೇರಿಯೇ ನಿಂತುಹೋಗುತ್ತದೆ. ಹಿಂದೆ ಅಗ್ಗದಲ್ಲಿ ಸಿಗುತ್ತಿದ್ದ ಕ್ರೋಮ್‌ಕಾಸ್ಟ್ ಆಡಿಯೊದ ತಯಾರಿಕೆ 2019ರಲ್ಲೇ ನಿಂತಿದೆ. ಬ್ಲೂಸೌಂಡ್ ನೋಡ್ ತರದ ಪೆಟ್ಟಿಗೆಗಳು ಎಲ್ಲ ವಿಧದಲ್ಲೂ ಸೊಗಸಾಗಿವೆ, ಆದರೆ ಅವುಗಳ ಬೆಲೆ ನನ್ನ ಲೆಕ್ಕಕ್ಕೆ ಮೀರಿದ್ದು.

ಕೊನೆಗೆ ಉಳಿದದ್ದು ವೀಮ್ ಕಂಪನಿಯ ಸಣ್ಣ ಪೆಟ್ಟಿಗೆಗಳು ಮತ್ತು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡಿನಿಂದ ಸ್ವತಃ ಕಟ್ಟಿಕೊಳ್ಳುವ ದಾರಿ. ವೀಮ್ ಮಿನಿಯಲ್ಲಿ ಈಥರ್‌ನೆಟ್ (ನೆಟ್‌ವರ್ಕ್ ತಂತಿಯ) ಸಾಕೆಟ್ ಇಲ್ಲ, ವೈ-ಫೈ ಒಂದೇ ಗತಿ. ವೀಮ್ ಪ್ರೊದಲ್ಲಿ ಈಥರ್‌ನೆಟ್ ಇದೆ, ಆಪ್ಟಿಕಲ್ ಮತ್ತು ಕೋಆಕ್ಸಿಯಲ್ ಔಟ್‌ಪುಟ್ ಇವೆ, ಆದರೆ ಹಾಡುಗಳಿರುವ ಡಿಸ್ಕನ್ನು ನೇರವಾಗಿ ಚುಚ್ಚಲು ಯು.ಎಸ್.ಬಿ. ಜಾಗವಿಲ್ಲ. ಅಂದರೆ ಕಡತಗಳನ್ನು ಬಡಿಸಲು ಇನ್ನೊಂದು ಯಂತ್ರ ಮನೆಯಲ್ಲಿ ಸದಾ ಓಡುತ್ತಿರಬೇಕು. ಸ್ಪಾಟಿಫೈಯಂಥ ಸೇವೆಯ ಮೂಲಕವೇ ಎಲ್ಲವನ್ನೂ ಕೇಳುವವರಿಗೆ ನಾನು ಈಗಲೂ ಇಂಥ ಸಿದ್ಧ ಪೆಟ್ಟಿಗೆಯನ್ನೇ ಕೊಳ್ಳಲು ಹೇಳುತ್ತೇನೆ. ನಮ್ಮ ಸಂಗೀತದ ಬಹುಭಾಗ ಯಾವ ಸೇವೆಯಲ್ಲೂ ಇಲ್ಲದ ಹಳೆಯ ಸಿ.ಡಿ.ಗಳದ್ದು ಮತ್ತು ಸಂಗೀತ ಸಭೆಗಳ ಧ್ವನಿಮುದ್ರಣಗಳದ್ದು.

ತಂಬೂರಿಯ ಪ್ರಶ್ನೆಯೂ ಇಲ್ಲಿ ಬರುತ್ತದೆ. ಮನೆಯ ಕಂಪ್ಯೂಟರಿನಿಂದ ಡಿ.ಎಲ್.ಎನ್.ಎ. ಎಂಬ ನೆಟ್‌ವರ್ಕ್ ವಿಧಾನದಲ್ಲಿ ಹಾಡು ಕಳಿಸುವಾಗ, ಮುಂದಿನ ಟ್ರ್ಯಾಕ್ ಯಾವುದೆಂದು ನಿಯಂತ್ರಕ ಆ್ಯಪ್ ಮುಂಚಿತವಾಗಿ ತಿಳಿಸಬೇಕು, ಪೆಟ್ಟಿಗೆ ಅದನ್ನು ಸ್ವೀಕರಿಸಬೇಕು. ಆ ಸೌಲಭ್ಯ ನಿಯಮಾವಳಿಯಲ್ಲಿ ಐಚ್ಛಿಕ. ಎರಡರಲ್ಲಿ ಒಂದು ತಪ್ಪಿದರೂ ನಡುವೆ ಮೌನ ಬೀಳುತ್ತದೆ. ಪರಿಚಿತರ ಮನೆಯಲ್ಲಿ ಒಂದೇ ಪೆಟ್ಟಿಗೆಯನ್ನು ಎರಡು ಬೇರೆ ಆ್ಯಪ್‌ಗಳಿಂದ ನುಡಿಸಿ ನೋಡಿದೆ, ಒಂದರಲ್ಲಿ ತಂಬೂರಿ ಹರಿಯಿತು, ಇನ್ನೊಂದರಲ್ಲಿ ಕಡಿಯಿತು. ಡಿಸ್ಕು, ಸರ್ವರು, ಪ್ಲೇಯರು ಮೂರೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಈ ಅನಿಶ್ಚಿತತೆಯೇ ಇರುವುದಿಲ್ಲ ಎಂಬ ಕಾರಣಕ್ಕೆ ರಾಸ್ಪ್‌ಬೆರಿ ಪೈ 4ನ್ನು ಆರಿಸಿದೆ. ಹಳೆಯ ಪೈ 3ರಲ್ಲಿ ಈಥರ್‌ನೆಟ್ಟೂ ಯು.ಎಸ್.ಬಿ.ಯೂ ಒಂದೇ ದಾರಿಯನ್ನು ಹಂಚಿಕೊಳ್ಳುತ್ತಿದ್ದವು, ಪೈ 4ರಲ್ಲಿ ಅವು ಬೇರೆಬೇರೆ. 2 ಜಿ.ಬಿ. ಮೆಮೊರಿಯದ್ದೇ ಈ ಕೆಲಸಕ್ಕೆ ಧಾರಾಳವಾಯಿತು.

ಹಂತ 3: ಸಿ.ಡಿ.ಗಳಿಂದ ಕಡತಗಳು, ಕಡತಗಳಿಗೆ ರಾಗದ ಹೆಸರು

ಇಡೀ ಯೋಜನೆಯಲ್ಲಿ ಅತ್ಯಂತ ಹೆಚ್ಚು ಸಮಯ ತಿಂದದ್ದು ಇದೇ. ಸ್ಟ್ರೀಮರ್ ಎಂದರೆ ಪೆಟ್ಟಿಗೆ ಎಂದುಕೊಳ್ಳುವವರು ಈ ಹಂತವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದು ಸರಿಯಾಗದಿದ್ದರೆ ಎಂಥ ಬೆಲೆಬಾಳುವ ಪೆಟ್ಟಿಗೆಯೂ ಪ್ರಯೋಜನಕ್ಕೆ ಬಾರದು.

ಸಿ.ಡಿ. ಓದಲು ವಿಂಡೋಸ್ ಕಂಪ್ಯೂಟರಿನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶವನ್ನು ಸೆಕ್ಯೂರ್ (ತಪ್ಪು ಕಂಡಲ್ಲಿ ಮತ್ತೆ ಮತ್ತೆ ಓದುವ) ಕ್ರಮದಲ್ಲಿ ಬಳಸಿದೆ. ಇದು ನಾವು ಓದಿದ್ದನ್ನು ಬೇರೆಯವರು ಓದಿದ್ದರೊಂದಿಗೆ ಹೋಲಿಸಿ ನೋಡುವ ಆ್ಯಕ್ಯುರೇಟ್‌ರಿಪ್ ಎಂಬ ಏರ್ಪಾಡನ್ನು ಹೊಂದಿದೆ, ಆದರೆ ನಮ್ಮ ಅನೇಕ ಸಿ.ಡಿ.ಗಳು ಅದರ ದತ್ತಾಂಶದಲ್ಲಿ ಇರಲಿಲ್ಲ. ಅಂಥವನ್ನು ‘ಟೆಸ್ಟ್ ಮತ್ತು ಕಾಪಿ’ ವಿಧಾನದಲ್ಲಿ ಎರಡು ಸಲ ಓದಿಸಿ, ಎರಡೂ ಓದಿನ ಪರಿಶೀಲನಾ ಸಂಖ್ಯೆ ಒಂದೇ ಬಂದರೆ ಮಾತ್ರ ಒಪ್ಪಿಕೊಂಡೆ. ಸಂಖ್ಯೆ ಕೂಡದ ಸಿ.ಡಿ.ಗಳನ್ನು ಮೆತ್ತನೆಯ ಹತ್ತಿಬಟ್ಟೆಯಿಂದ, ಸುತ್ತು ತಿರುಗಿಸದೆ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಮತ್ತೆ ಹಾಕಿದಾಗ ಬಹುತೇಕ ಸರಿಹೋದವು. ಕೆಲವು ಸರಿಹೋಗಲೇ ಇಲ್ಲ. ಅವನ್ನು ಬೇರೆಯಾಗಿ ಎತ್ತಿಟ್ಟಿದ್ದೇನೆ.

ಕಡತದ ರೂಪ ಫ್ಲ್ಯಾಕ್. ಸಿ.ಡಿ.ಯ ಒಂದು ನಿಮಿಷದ ಸಂಗೀತ ಸುಮಾರು 10 ಎಂ.ಬಿ. ಆಗುತ್ತದೆ, ಫ್ಲ್ಯಾಕ್ ಮಾಡಿದರೆ ಗುಣ ಕಿಂಚಿತ್ತೂ ಕಳೆಯದೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಂದು ಸಿ.ಡಿ.ಗೆ 350 ಎಂ.ಬಿ. ಎಂದು ಹಿಡಿದರೆ 500 ಜಿ.ಬಿ. ಡಿಸ್ಕಿನಲ್ಲಿ 1,400ಕ್ಕೆ ಸಮೀಪ ಹಿಡಿಯುತ್ತವೆ. ನಮಗೆ ಅಷ್ಟು ಸಾಕು.

ಇನ್ನು ಹೆಸರುಗಳು. ಇಂಟರ್ನೆಟ್ಟಿನಿಂದ ತಾನಾಗಿ ಇಳಿದು ಬಂದ ವಿವರಗಳಲ್ಲಿ ‘ಕಲಾವಿದ’ ಎಂಬಲ್ಲಿ ಕೆಲವೊಮ್ಮೆ ವಾಗ್ಗೇಯಕಾರರ ಹೆಸರು, ಕೆಲವೊಮ್ಮೆ ಕ್ಯಾಸೆಟ್ ಕಂಪನಿಯ ಹೆಸರು ಕುಳಿತಿತ್ತು. ಅವನ್ನೆಲ್ಲ ಅಳಿಸಿ, ಮೂರೇ ನಿಯಮಗಳನ್ನು ಇಟ್ಟುಕೊಂಡೆ. ಕಲಾವಿದ ಎಂದರೆ ಹಾಡಿದವರು ಅಥವಾ ನುಡಿಸಿದವರು. ಕಂಪೋಸರ್ ಎಂದರೆ ವಾಗ್ಗೇಯಕಾರರು. ಮತ್ತು ಪಾಪ್, ರಾಕ್ ಎಂದೆಲ್ಲ ಬರೆಯಲು ಇರುವ ‘ಜಾನರ್’ ಎಂಬ ಜಾಗದಲ್ಲಿ ರಾಗದ ಹೆಸರು. ಈ ಕೊನೆಯ ಉಪಾಯವೇ ನಮ್ಮ ಮೂರನೆಯ ಷರತ್ತನ್ನು ಈಡೇರಿಸಿತು. ಜಾನರ್ ಪಟ್ಟಿ ತೋರಿಸದ ಪ್ಲೇಯರುಗಳು ವಿರಳ, ಹಾಗಾಗಿ ಮುಂದೆ ಯಾವ ಯಂತ್ರಕ್ಕೆ ಬದಲಾದರೂ ಈ ಶ್ರಮ ವ್ಯರ್ಥವಾಗದು. ತಾಳದ ಹೆಸರನ್ನು ಕೃತಿಯ ಹೆಸರಿನ ಕೊನೆಗೆ ಸೇರಿಸಿದೆ.

ರಾಗದ ಹೆಸರು ಬರೆಯುವಾಗ ಒಂದು ತೊಡಕು ಬಂತು. ನಮ್ಮಲ್ಲಿ ಕರ್ನಾಟಕ ಸಂಗೀತವೂ ಇದೆ, ಧಾರವಾಡದ ಕಡೆಯ ನೆಂಟರಿಂದ ಬಂದ ಹಿಂದುಸ್ತಾನಿ ಸಂಗ್ರಹವೂ ಇದೆ. ಎರಡರಲ್ಲೂ ತೋಡಿ ಇದೆ, ಆದರೆ ಹಿಂದುಸ್ತಾನಿಯ ತೋಡಿ ಸ್ವರಗಳಲ್ಲಿ ನಮ್ಮ ಶುಭಪಂತುವರಾಳಿಗೆ ಹತ್ತಿರ. ನಮ್ಮ ತೋಡಿಯ ಸ್ವರಗಳು ಅವರ ಭೈರವಿ ಥಾಟಿನವು (ಥಾಟ್ ಎಂದರೆ ಅವರಲ್ಲಿ ರಾಗಗಳನ್ನು ವಿಂಗಡಿಸುವ ಸ್ವರಗುಂಪು). ಭೈರವಿಯ ವಿಷಯದಲ್ಲೂ ಹೀಗೆಯೇ. ನಮ್ಮ ಹಿಂದೋಳ ಅವರ ಮಾಲಕೌಂಸ್, ಅವರ ಹಿಂದೋಲ್ ಬೇರೆಯೇ ರಾಗ. ಮೊದಲು ಬರೀ ಹೆಸರನ್ನಷ್ಟೇ ಬರೆದಿದ್ದರಿಂದ ತೋಡಿ ಎಂದು ಒತ್ತಿದರೆ ಎರಡೂ ಬೆರೆತು ನುಡಿಯುತ್ತಿದ್ದವು. ಆಮೇಲೆ ‘ತೋಡಿ, ಕರ್ನಾಟಕ’, ‘ತೋಡಿ, ಹಿಂದುಸ್ತಾನಿ’ ಎಂದು ಬಿಡಿಸಿ ಬರೆದೆ. ಇದನ್ನು ಮೊದಲ ದಿನವೇ ನಿರ್ಧರಿಸಿಕೊಂಡರೆ ದುಪ್ಪಟ್ಟು ಕೆಲಸ ತಪ್ಪುತ್ತದೆ.

ಲಿಪಿ ಕನ್ನಡ. ಫ್ಲ್ಯಾಕ್ ಕಡತದ ಒಳಗಿನ ಬರಹ ಯುನಿಕೋಡ್ ಆಗಿರುವುದರಿಂದ ಕನ್ನಡಕ್ಕೆ ಯಾವ ತೊಂದರೆಯೂ ಆಗಲಿಲ್ಲ. ಯುನಿಕೋಡ್ ಬರುವುದಕ್ಕೆ ಮುಂಚಿನ ಫಾಂಟಿನಲ್ಲಿ ಯಾರೋ ಹೆಸರು ಬರೆದಿದ್ದ ಹಳೆಯ ಎಂ.ಪಿ.3 ಕಡತಗಳು ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಂಡವು, ಅವನ್ನು ಕೇಳಿ ಗುರುತಿಸಿ ಕೈಯಿಂದಲೇ ಬರೆದೆ. ಕಡತಗಳ ಮತ್ತು ಫೋಲ್ಡರುಗಳ ಹೆಸರನ್ನು ಮಾತ್ರ ರೋಮನ್ ಲಿಪಿಯಲ್ಲೇ ಉಳಿಸಿದೆ, ಏಕೆಂದರೆ ಡಿಸ್ಕು ಯಂತ್ರದಿಂದ ಯಂತ್ರಕ್ಕೆ ಹೋಗುವಾಗ ಕೆಡುವ ಸಂಭವ ಇರುವುದು ಅಲ್ಲಿಯೇ.

ಹಂತ 4: ಬೋರ್ಡು, ಡ್ಯಾಕ್, ವಿದ್ಯುತ್

ಪೈ 4ರ ಮೇಲಿರುವ 3.5 ಮಿ.ಮೀ. ಜ್ಯಾಕ್ ಹೈ-ಫೈಗೆ ತಕ್ಕದ್ದಲ್ಲ, ಸದ್ದಿಲ್ಲದ ಕಡೆಗಳಲ್ಲಿ ಹಿಸ್ ಎಂಬ ಶಬ್ದ ಸ್ಪಷ್ಟವಾಗಿ ಕೇಳುತ್ತದೆ. ಅದಕ್ಕಾಗಿ 40 ಪಿನ್ನಿನ ಹೆಡರಿನ (ಬೋರ್ಡಿನ ಪಿನ್ನುಗಳ ಸಾಲಿನ) ಮೇಲೆ ಕೂರುವ ರಾಸ್ಪ್‌ಬೆರಿ ಪೈ ಡ್ಯಾಕ್ ಪ್ಲಸ್ ಕೊಂಡೆ. ಹಿಂದೆ ಐಕ್ಯೂ ಆಡಿಯೊ ಹೆಸರಿನಲ್ಲಿ ಬರುತ್ತಿದ್ದ ಬೋರ್ಡು ಇದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ 5122 ಚಿಪ್ಪು, 24 ಬಿಟ್ 192 ಕಿಲೋಹರ್ಟ್ಸ್‌ವರೆಗಿನ ಸಾಮರ್ಥ್ಯ, ಆಂಪ್ಲಿಫೈಯರಿಗೆ ತಂತಿ ಕೊಡಲು ಎರಡು ಆರ್.ಸಿ.ಎ. ಸಾಕೆಟ್ಟುಗಳು ಅದರಲ್ಲಿವೆ. ಬೆಸುಗೆ ಹಾಕುವ ಅಗತ್ಯವೇ ಇಲ್ಲ. ಪಿನ್ನುಗಳು ಒಂದೂ ಬಾಗದಂತೆ ನೇರವಾಗಿ ಒತ್ತಿ, ನಾಲ್ಕು ಮೂಲೆಗಳಿಗೆ ಎಂ2.5 ಅಳತೆಯ ಹಿತ್ತಾಳೆ ಸ್ಪೇಸರ್ ಹಾಕಿ ಬಿಗಿದೆ.

ವಿದ್ಯುತ್ತಿನ ವಿಷಯದಲ್ಲಿ ಮೊದಲ ಪ್ರಯತ್ನ ವಿಫಲವಾಯಿತು. ಮನೆಯಲ್ಲಿದ್ದ ಒಳ್ಳೆಯ ಫೋನ್ ಚಾರ್ಜರನ್ನೇ ಬಳಸಿದಾಗ ಯಂತ್ರ ಶುರುವಾಯಿತು, ಹಾಡಿತು, ಆದರೆ ಡಿಸ್ಕ್ ಚುಚ್ಚಿದ ಕೂಡಲೇ ಬೋರ್ಡಿನ ಕೆಂಪು ದೀಪ ಆರಿ ಆರಿ ಹೊತ್ತತೊಡಗಿತು. ಮಲ್ಟಿಮೀಟರಿನ ಒಂದು ಮೊನೆಯನ್ನು ಹೆಡರಿನ 2ನೆಯ ಪಿನ್ನಿಗೂ ಇನ್ನೊಂದನ್ನು 6ನೆಯ ಪಿನ್ನಿಗೂ ಮುಟ್ಟಿಸಿ ನೋಡಿದರೆ 4.6 ವೋಲ್ಟ್ ಬರುತ್ತಿತ್ತು. 4.63ಕ್ಕಿಂತ ಕೆಳಗಿಳಿದರೆ ಪೈ ಎಚ್ಚರಿಕೆ ಕೊಡುತ್ತದೆ. ಚಾರ್ಜರಿನ ತುದಿಯಲ್ಲಿ 5 ವೋಲ್ಟ್ ಇದ್ದದ್ದು ಸಣಕಲು ಕೇಬಲ್ಲಿನಲ್ಲಿ ಕರಗಿಹೋಗುತ್ತಿತ್ತು. ಪೈಗೆಂದೇ ಮಾಡಿದ 5.1 ವೋಲ್ಟ್, 3 ಆಂಪಿಯರಿನ ಅಡಾಪ್ಟರ್ ತಂದ ಮೇಲೆ ಅದೇ ಪಿನ್ನುಗಳಲ್ಲಿ 5.05 ಬಂತು, ದೀಪ ಸ್ಥಿರವಾಯಿತು. ಪೈ 4ರ ಎಲ್ಲ ಯು.ಎಸ್.ಬಿ. ಸಾಕೆಟ್ಟುಗಳೂ ಸೇರಿ ಕೊಡಬಲ್ಲದ್ದು 1.2 ಆಂಪಿಯರ್ ಮಾತ್ರ. ಆದ್ದರಿಂದ ತಿರುಗುವ ಹಾರ್ಡ್ ಡಿಸ್ಕಿಗಿಂತ ತಿರುಗುವ ಭಾಗವಿಲ್ಲದ ಎಸ್.ಎಸ್.ಡಿ. ಮೇಲು, ಸದ್ದೂ ಇರುವುದಿಲ್ಲ.

ಹಂತ 5: ವೈ-ಫೈ ಕೈಕೊಟ್ಟದ್ದು

ರೌಟರ್ ಇರುವುದು ಮುಂದಿನ ಕೋಣೆಯಲ್ಲಿ. ನಡುವೆ ಒಂದೂವರೆ ಅಡಿ ದಪ್ಪದ ಗಾರೆ ಗೋಡೆಗಳು. 5 ಗಿಗಾಹರ್ಟ್ಸ್‌ನ ಅಲೆ ಅವನ್ನು ದಾಟಲೇ ಇಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಸಂಪರ್ಕ ಸಿಕ್ಕಿತು, ಆದರೆ ಎಸ್.ಎಸ್.ಡಿ.ಯನ್ನು ಪೈನ ನೀಲಿ ಯು.ಎಸ್.ಬಿ. 3 ಸಾಕೆಟ್ಟಿಗೆ ಚುಚ್ಚಿದರೆ ಪೈ ನೆಟ್‌ವರ್ಕಿನಿಂದಲೇ ಮಾಯವಾಗುತ್ತಿತ್ತು. ಡಿಸ್ಕಿನಿಂದ ಹಾಡು ಬರುತ್ತಲೇ ಇರುತ್ತದೆ, ಫೋನಿನಿಂದ ನಿಲ್ಲಿಸಲು ಹೋದರೆ ಉತ್ತರವೇ ಇಲ್ಲ.

ತಂತ್ರಾಂಶದ ದೋಷವೆಂದು ಭಾವಿಸಿ ಎಲ್ಲವನ್ನೂ ಹೊಸದಾಗಿ ಹಾಕಿದ್ದು ವ್ಯರ್ಥವಾಯಿತು. ಕಾರಣ ಬೇರೆ ಇತ್ತು. ಯು.ಎಸ್.ಬಿ. 3 ಓಡುವಾಗ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್‌ನ ಸುತ್ತಮುತ್ತಲೇ ಬೀಳುತ್ತದೆ. ಪೈನ ಆಂಟೆನಾ ಅಲ್ಲಿಯೇ ಪಕ್ಕದಲ್ಲಿದೆ. ಪರೀಕ್ಷೆ ಸುಲಭ: ಅದೇ ಡಿಸ್ಕನ್ನು ಕಪ್ಪು ಬಣ್ಣದ ಯು.ಎಸ್.ಬಿ. 2 ಸಾಕೆಟ್ಟಿಗೆ ಬದಲಿಸಿದೆ, ಪೈ ಕೂಡಲೇ ನೆಟ್‌ವರ್ಕಿಗೆ ಮರಳಿತು. ಯು.ಎಸ್.ಬಿ. 2ರ ವೇಗವೂ ಸಂಗೀತಕ್ಕೆ ಬೇಕಾದುದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ಡಿಸ್ಕು ಈಗಲೂ ಕಪ್ಪು ಸಾಕೆಟ್ಟಿನಲ್ಲೇ ಇದೆ.

ಆದರೂ ಸಂಜೆಯ ಹೊತ್ತು, ಅಕ್ಕಪಕ್ಕದ ಮನೆಗಳ ವೈ-ಫೈ ಎಲ್ಲ ಓಡುವಾಗ, ಇಂಟರ್ನೆಟ್ ರೇಡಿಯೊ ತಡವರಿಸುತ್ತಿತ್ತು. ಕೊನೆಗೆ ಕೇಸಿಂಗ್ ಪಟ್ಟಿ ಹೊಡೆದು, ಬಾಗಿಲಿನ ಚೌಕಟ್ಟಿನ ಮೇಲಿನಿಂದ 20 ಮೀಟರ್ ಈಥರ್‌ನೆಟ್ ತಂತಿ ಎಳೆದೆ. ಸ್ಟ್ರೀಮರ್ ಒಂದೇ ಕಡೆ ಇರುವ ವಸ್ತು, ಅದಕ್ಕೆ ತಂತಿಯೇ ಸರಿ ಎಂದು ಈಗ ಯಾರು ಕೇಳಿದರೂ ಹೇಳುತ್ತೇನೆ.

ಹಂತ 6: ಕರೆಂಟು ಹೋದಾಗ

ಪೈ ಮೇಲೆ ಹಾಡು ನುಡಿಸಲು ಮೊದಲು ಹಾಕಿದ ತಂತ್ರಾಂಶ ಮೂಡ್ ಆಡಿಯೊ ಪ್ಲೇಯರ್. ಉಚಿತ, ಎಂ.ಪಿ.ಡಿ. ಎಂಬ ಹಳೆಯ, ಗಟ್ಟಿಮುಟ್ಟಾದ ತಂತ್ರಾಂಶದ ಮೇಲೆ ನಿಂತದ್ದು, ತಂಬೂರಿಯ ಪರೀಕ್ಷೆಯಲ್ಲಿ ಸಲೀಸಾಗಿ ಗೆದ್ದಿತು. ಅದರಲ್ಲಿ ಯಾವ ಕೊರತೆಯನ್ನೂ ನಾನು ಕಾಣಲಿಲ್ಲ. ಆದರೆ ಎಲ್ಲ ಸಾಧಾರಣ ಲಿನಕ್ಸ್ ವ್ಯವಸ್ಥೆಗಳಂತೆ ಅದೂ ತಾನಿರುವ ಮೆಮೊರಿ ಕಾರ್ಡಿಗೆ ಆಗಾಗ ಬರೆಯುತ್ತಿರುತ್ತದೆ, ಆರಿಸುವ ಮೊದಲು ಸರಿಯಾಗಿ ಮುಚ್ಚಬೇಕು. ಮಳೆಗಾಲದ ಒಂದು ಸಂಜೆ ಕರೆಂಟು ಹೋಗಿ, ಬಂದು, ಮತ್ತೆ ಹೋದದ್ದರಲ್ಲಿ ಕಾರ್ಡು ಕೆಟ್ಟು ಯಂತ್ರ ಮೇಲೇಳಲೇ ಇಲ್ಲ. ಹೊಸದಾಗಿ ಬರೆದ ಕಾರ್ಡೂ ಕೆಲಕಾಲದ ನಂತರ ಅದೇ ದಾರಿ ಹಿಡಿಯಿತು.

ಇದಕ್ಕೆ ಪರಿಹಾರವಾಗಿ ಪಿಕೋರ್‌ಪ್ಲೇಯರ್‌ಗೆ ಬದಲಾದೆ. ಇದು ಟೈನಿ ಕೋರ್ ಎಂಬ ಪುಟ್ಟ ಲಿನಕ್ಸ್ ಮೇಲೆ ಕಟ್ಟಿದ್ದು. ಶುರುವಾಗುವಾಗ ಇಡೀ ವ್ಯವಸ್ಥೆಯನ್ನು ಕಾರ್ಡಿನಿಂದ ಬೋರ್ಡಿನ ಮೆಮೊರಿಗೆ ಏರಿಸಿಕೊಂಡು, ಆಮೇಲೆ ತಾನಾಗಿ ಕಾರ್ಡಿಗೆ ಬರೆಯುವುದೇ ಇಲ್ಲ. ಗೋಡೆಯ ಸ್ವಿಚ್ಚನ್ನು ಹಾಗೆಯೇ ಆರಿಸಬಹುದು. ಇದರ ಜೊತೆಗೆ ಹಾಡುಗಳ ಪಟ್ಟಿ ನೋಡಿಕೊಳ್ಳುವ ಸರ್ವರ್ ಲಿರಿಯನ್ ಮ್ಯೂಸಿಕ್ ಸರ್ವರ್. ಲಾಜಿಟೆಕ್ ಕಂಪನಿ 2006ರಲ್ಲಿ ಇದನ್ನು ಮಾಡಿದ ಸ್ಲಿಮ್ ಡಿವೈಸಸ್‌ಅನ್ನು ಕೊಂಡಾಗ ಅದರೊಂದಿಗೆ ಬಂದು, 2012ರಲ್ಲಿ ಸ್ಕ್ವೀಜ್‌ಬಾಕ್ಸ್ ಎಂಬ ಸ್ಟ್ರೀಮರ್ ಯಂತ್ರಗಳ ತಯಾರಿಕೆ ನಿಂತ ಮೇಲೂ ಬಳಕೆದಾರರ ಆಸಕ್ತಿಯಿಂದಲೇ ಉಳಿದು, 2024ರಲ್ಲಿ ಹೊಸ ಹೆಸರು ಪಡೆದ ತಂತ್ರಾಂಶವಿದು. ಯಂತ್ರ ಮಾಡಿದವರು ಕೈಬಿಟ್ಟ ಮೇಲೂ ಇಷ್ಟು ಕಾಲ ಬಾಳಿದ್ದನ್ನು ನಂಬಿ ಸಂಗ್ರಹವನ್ನು ಒಪ್ಪಿಸಬಹುದು ಎಂಬುದು ನನ್ನ ಎಣಿಕೆ.

ಪಿಕೋರ್‌ಪ್ಲೇಯರಿನಲ್ಲಿ ಎರಡು ಸಂಗತಿಗಳನ್ನು ನೆನಪಿಡಬೇಕು. ಸರ್ವರ್ ಹಾಕುವ ಮೊದಲು ಕಾರ್ಡಿನ ಎರಡನೆಯ ವಿಭಾಗವನ್ನು ಅದರದೇ ಪುಟದಿಂದ ಹಿಗ್ಗಿಸಬೇಕು, ಇಲ್ಲದಿದ್ದರೆ ಜಾಗ ಸಾಲದೆ ಸ್ಥಾಪನೆ ಅರ್ಧಕ್ಕೆ ನಿಲ್ಲುತ್ತದೆ. ಎಲ್ಲವೂ ಮೆಮೊರಿಯಲ್ಲೇ ಇರುವುದರಿಂದ ಕೈಯಿಂದ ಮಾಡಿದ ಬದಲಾವಣೆಗಳನ್ನು ಬ್ಯಾಕಪ್ ಗುಂಡಿ ಒತ್ತಿ ಕಾರ್ಡಿಗೆ ಬರೆಸಬೇಕು. ಒತ್ತದೆ ಆರಿಸಿದ್ದರಿಂದ ಒಮ್ಮೆ ಇಡೀ ಸಂಜೆಯ ಹೊಂದಿಕೆಗಳು ಅಳಿಸಿಹೋದವು. ಡಿಸ್ಕನ್ನು ಲಿನಕ್ಸಿನ ಇ.ಎಕ್ಸ್.ಟಿ.4 ವಿನ್ಯಾಸಕ್ಕೆ ಫಾರ್ಮ್ಯಾಟ್ ಮಾಡಿ, ಸರ್ವರಿನ ಪಟ್ಟಿಯನ್ನೂ ಅದರ ಮೇಲೆಯೇ ಇರಿಸಿದೆ. ಆಮೇಲೆ ಹಾಡು ನುಡಿಯುತ್ತಿರುವಾಗಲೇ ಸ್ವಿಚ್ಚು ಆರಿಸಿ ಹಾಕುವ ಪರೀಕ್ಷೆಯನ್ನು ಬೇಕೆಂದೇ ಪದೇಪದೇ ಮಾಡಿದೆ. ಪ್ರತಿ ಸಲವೂ ಯಂತ್ರ ತಾನಾಗಿ ಎದ್ದು ಬಂತು. ಜೊತೆಗೆ ರೌಟರಿಗೆ 12 ವೋಲ್ಟಿನ ಸಣ್ಣ ಯು.ಪಿ.ಎಸ್. ಒಂದನ್ನು ಇಟ್ಟಿದ್ದೇನೆ.

ಅಪ್ಪನವರ ಕೈಗೆ ಹಳೆಯ ಟ್ಯಾಬ್ಲೆಟ್ ಕೊಟ್ಟು, ಅದರಲ್ಲಿ ಸರ್ವರಿನ ಮೆಟೀರಿಯಲ್ ಸ್ಕಿನ್ ಎಂಬ ನಿಯಂತ್ರಣ ಪುಟವನ್ನು ದೊಡ್ಡ ಅಕ್ಷರದಲ್ಲಿ ತೆರೆದಿಟ್ಟೆ. ಜಾನರ್ ಒತ್ತಿದರೆ ಆನಂದಭೈರವಿಯಿಂದ ಹಿಡಿದು ಹಿಂದೋಳದವರೆಗೆ ಪಟ್ಟಿ ಕನ್ನಡದಲ್ಲೇ ಬರುತ್ತದೆ. ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ರಾಗಂ ವಾಹಿನಿಗಾಗಿ ಎಚ್.ಎಲ್.ಎಸ್. ಬಗೆಯ (ಸಣ್ಣ ತುಂಡುಗಳಾಗಿ ಬರುವ) ಸ್ಟ್ರೀಮ್ ನುಡಿಸುವ ಪ್ಲಗಿನ್ ಎಂಬ ಉಪತಂತ್ರಾಂಶ ಸೇರಿಸಿ, ಅದನ್ನು ಮೆಚ್ಚಿನ ಪಟ್ಟಿಯ ಮೊದಲಿಗೆ ಇಟ್ಟಿದ್ದೇನೆ.

ಹಂತ 7: ಹಮ್ ಎಂಬ ಸದ್ದು

ತಂತಿ ಎಳೆದ ದಿನವೇ ಸ್ಪೀಕರುಗಳಲ್ಲಿ ಸಣ್ಣಗೆ, ಬಿಡದೆ, ಹಮ್ ಎಂಬ ಸದ್ದು ಶುರುವಾಯಿತು. ಹಾಡು ಜೋರಾಗಿರುವಾಗ ಗೊತ್ತಾಗುವುದಿಲ್ಲ, ವೀಣೆಯ ಒಂದು ಮೀಟು ಆರುತ್ತಾ ಹೋಗುವಾಗ ಅದರಡಿಯಿಂದ ಏಳುತ್ತದೆ.

ಒಂದೊಂದೇ ತಂತಿಯನ್ನು ಕಿತ್ತು ನೋಡುವುದೇ ಇದಕ್ಕೆ ಸರಿಯಾದ ವಿಧಾನ. ಡಿಸ್ಕು ಕಿತ್ತೆ, ಸದ್ದು ಹಾಗೆಯೇ ಇತ್ತು. ಈಥರ್‌ನೆಟ್ ಕಿತ್ತೆ, ಸದ್ದು ನಿಂತಿತು. ನಾನು ಎಳೆದಿದ್ದು, ಒಳ್ಳೆಯದಿರಲೆಂದು ಹೆಚ್ಚು ಹಣ ಕೊಟ್ಟು ತಂದ, ಲೋಹದ ಹೊದಿಕೆಯೂ ಲೋಹದ ತಲೆಯೂ ಇರುವ ದಪ್ಪ ಕೇಬಲ್. ರೌಟರಿನ ಅಡಾಪ್ಟರಿಗೆ ಎರಡೇ ಪಿನ್, ಅರ್ಥ್ ಇಲ್ಲ. ಎಲ್ಲ ತಂತಿಗಳನ್ನೂ ಬಿಡಿಸಿ, ಆ ಕೇಬಲ್ಲಿನ ಲೋಹದ ತಲೆಗೂ ಆಂಪ್ಲಿಫೈಯರಿನ ಮೈಗೂ ನಡುವೆ ಮಲ್ಟಿಮೀಟರ್ ಹಿಡಿದರೆ 70ರ ಆಸುಪಾಸು ಎ.ಸಿ. ವೋಲ್ಟ್ ತೋರಿಸಿತು. ಅಡಾಪ್ಟರಿನೊಳಗಿನ ಕೆಪಾಸಿಟರಿನ ಮೂಲಕ ಸೋರುವ ಅತಿ ಸಣ್ಣ ವಿದ್ಯುತ್ ಅದು, ಮುಟ್ಟಿದರೆ ಅಪಾಯವಿಲ್ಲ. ಆದರೆ ಕೇಬಲ್ಲಿನ ಹೊದಿಕೆಯ ಮೂಲಕ ಪೈಗೆ, ಪೈನಿಂದ ಆರ್.ಸಿ.ಎ. ತಂತಿಯ ಹೊರಪದರದ ಮೂಲಕ ಆಂಪ್ಲಿಫೈಯರಿನ ಅರ್ಥ್‌ಗೆ ಅದು ಹರಿಯುವಾಗ ದಾರಿಯಲ್ಲಿ ಹಮ್ ಹುಟ್ಟಿಸುತ್ತದೆ.

ಅದೇ ಪಟ್ಟಿಯೊಳಗೆ ಹೊದಿಕೆಯಿಲ್ಲದ, ಪ್ಲಾಸ್ಟಿಕ್ ತಲೆಯ ಸಾಧಾರಣ ಕ್ಯಾಟ್ 6 ತಂತಿ ಎಳೆದೆ. ಈಥರ್‌ನೆಟ್ ಸಾಕೆಟ್ಟಿನೊಳಗೆ ಸಣ್ಣ ಟ್ರಾನ್ಸ್‌ಫಾರ್ಮರುಗಳಿರುವುದರಿಂದ ಒಳಗಿನ ಎಳೆಗಳು ಎರಡು ಯಂತ್ರಗಳನ್ನು ವಿದ್ಯುತ್ತಿನ ದೃಷ್ಟಿಯಿಂದ ಬೇರೆಯಾಗಿಯೇ ಇಡುತ್ತವೆ, ಸೇರಿಸುತ್ತಿದ್ದದ್ದು ಹೊದಿಕೆ ಮಾತ್ರ. ಹಮ್ ಪೂರ್ತಿ ಹೋಯಿತು. ಹಮ್ ನಿಲ್ಲಿಸಲು ಆಂಪ್ಲಿಫೈಯರಿನ ಮೂರು ಪಿನ್ನಿನಲ್ಲಿ ಅರ್ಥ್ ಪಿನ್ನನ್ನು ಕಿತ್ತುಹಾಕುವ ಸಲಹೆಯನ್ನು ಕೆಲವರು ಕೊಡುತ್ತಾರೆ; ಅದು ಪ್ರಾಣಕ್ಕೆ ಅಪಾಯ, ಯಾವ ಕಾರಣಕ್ಕೂ ಹಾಗೆ ಮಾಡಬಾರದು.

ಹಂತ 8: ದನಿಯ ಮಟ್ಟ

ಆರ್.ಸಿ.ಎ. ತಂತಿಯನ್ನು ಆಂಪ್ಲಿಫೈಯರಿನ ಆಕ್ಸ್ ಸಾಕೆಟ್ಟಿಗೆ ಕೊಟ್ಟೆ. ಫೋನೊ ಎಂದು ಬರೆದಿರುವ ಸಾಕೆಟ್ಟು ಗ್ರಾಮಫೋನ್ ತಟ್ಟೆಗೆ ಮೀಸಲು, ಅಲ್ಲಿಗೆ ಕೊಟ್ಟರೆ ಸದ್ದು ಒಡೆದು ಬರುತ್ತದೆ. ಇಲ್ಲಿಯೂ ಒಂದು ಸಣ್ಣ ತೊಂದರೆ. ಡ್ಯಾಕ್ ಹೊರಡಿಸುವುದು ಸಿ.ಡಿ. ಪ್ಲೇಯರಿನಂತೆ ಸುಮಾರು 2 ವೋಲ್ಟ್, ಈ ಆಂಪ್ಲಿಫೈಯರಿನ ಆಕ್ಸ್ ಮಾತ್ರ ಅದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆಗೆ ಮಾಡಿದ್ದು. ವಾಲ್ಯೂಮ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಮನೆ ತುಂಬುತ್ತಿತ್ತು. ಹಳೆಯ ವಾಲ್ಯೂಮ್ ಕಂಟ್ರೋಲುಗಳು ಆ ಕೆಳತುದಿಯಲ್ಲಿ ಎರಡೂ ಬದಿಗೆ ಸಮನಾಗಿ ಕೆಲಸ ಮಾಡುವುದಿಲ್ಲ. ನಡುವೆ ಕುಳಿತಿರಬೇಕಾದ ಗಾಯಕರು ಎಡಕ್ಕೆ ಸರಿದು ಕೂತಂತೆ ಕೇಳುತ್ತಿತ್ತು. ಡ್ಯಾಕ್ ಚಿಪ್ಪಿನೊಳಗಿನ ವಾಲ್ಯೂಮನ್ನು 12 ಡೆಸಿಬೆಲ್ ಇಳಿಸಿ, ಅಲ್ಲಿಗೇ ಸ್ಥಿರಗೊಳಿಸಿ, ಸರ್ವರಿನ ವಾಲ್ಯೂಮನ್ನು 100ಕ್ಕೆ ಕಟ್ಟಿಹಾಕಿದೆ. ಈಗ ತಿರುಪು ಹತ್ತು ಗಂಟೆಯ ದಿಕ್ಕಿಗೆ ಬರುತ್ತದೆ, ಗಾಯಕರು ನಡುವೆ ಕೂತಿದ್ದಾರೆ, ಮೃದಂಗ ಮತ್ತು ಪಿಟೀಲು ತಮ್ಮ ತಮ್ಮ ಬದಿಯಲ್ಲಿವೆ.

ಹಂತ 9: ಪೆಟ್ಟಿಗೆ

ಪೈ ಬೋರ್ಡಿನ ಅಳತೆ 85 ಮಿ.ಮೀ. ಉದ್ದ, 56 ಮಿ.ಮೀ. ಅಗಲ, ತೂತುಗಳ ನಡುವಿನ ಅಂತರ 58 ಮತ್ತು 49 ಮಿ.ಮೀ. ಈ ಅಳತೆಗೆ ಕಾಗದದ ಮೇಲೆ ಗುರುತು ಹಾಕಿ, ಅದನ್ನು ಅಲ್ಯೂಮಿನಿಯಂ ಪೆಟ್ಟಿಗೆಯ ತಳಕ್ಕೆ ಅಂಟಿಸಿ 2.7 ಮಿ.ಮೀ. ಡ್ರಿಲ್ ಬಿಟ್ಟಿನಿಂದ ತೂತು ಕೊರೆದೆ. ಲೋಹದ ಪೆಟ್ಟಿಗೆಯೊಳಗೆ ವೈ-ಫೈ ಕೆಲಸ ಮಾಡದು, ನಮ್ಮದು ತಂತಿಯಾದ್ದರಿಂದ ಚಿಂತೆಯಿಲ್ಲ. ಕೊರೆದ ಪುಡಿ ಒಂದು ಚೂರೂ ಉಳಿಯದಂತೆ ಬ್ರಷ್ಷಿನಿಂದ ಝಾಡಿಸಿದ ಮೇಲೆಯೇ ಬೋರ್ಡು ಕೂರಿಸಬೇಕು. ಪ್ರೊಸೆಸರಿನ ಮೇಲೆ ಹೀಟ್‌ಸಿಂಕ್ ಅಂಟಿಸಿದ್ದೇನೆ. ಏಪ್ರಿಲ್ ಬಿಸಿಲಿನಲ್ಲಿ ಮರದ ಕಪಾಟಿನೊಳಗೆ ಇಟ್ಟಾಗ ಅದರ ಉಷ್ಣತೆ 70 ಡಿಗ್ರಿ ದಾಟಿತು. ಪೈ ತನ್ನ ವೇಗ ತಗ್ಗಿಸುವುದು 80ರಲ್ಲಿ. ಆದರೂ ಕಪಾಟಿನಿಂದ ತೆಗೆದು ಆಂಪ್ಲಿಫೈಯರಿನ ಪಕ್ಕ ತೆರೆದ ಜಾಗದಲ್ಲಿ ಇಟ್ಟೆ.

ಖರ್ಚು

ಪೈ 4 ಬೋರ್ಡಿಗೆ ರೂ. 4,700, ಡ್ಯಾಕ್ ಪ್ಲಸ್‌ಗೆ ರೂ. 2,700, ಅಡಾಪ್ಟರಿಗೆ ರೂ. 850, ಮೆಮೊರಿ ಕಾರ್ಡಿಗೆ ರೂ. 450, 500 ಜಿ.ಬಿ. ಎಸ್.ಎಸ್.ಡಿ.ಗೆ ರೂ. 3,400, ಅದರ ಯು.ಎಸ್.ಬಿ. ಕವಚಕ್ಕೆ ರೂ. 700, ಕ್ಯಾಟ್ 6 ತಂತಿ ಮತ್ತು ಕೇಸಿಂಗ್ ಪಟ್ಟಿಗೆ ರೂ. 900, ಪೆಟ್ಟಿಗೆ, ಸ್ಪೇಸರ್, ಹೀಟ್‌ಸಿಂಕ್ ಸೇರಿ ರೂ. 1,100, ರೌಟರಿನ ಯು.ಪಿ.ಎಸ್.ಗೆ ರೂ. 1,600. ಒಟ್ಟು ರೂ. 16,400. ಇದರ ಮೇಲೆ ಉಪಯೋಗಕ್ಕೆ ಬಾರದ ಹೊದಿಕೆಯ ಕೇಬಲ್ಲಿಗೆ ಕೊಟ್ಟ ರೂ. 1,300 ಸೇರಿಸಿದರೆ ರೂ. 17,700 ಆಯಿತು. ಈ ಬೆಲೆಗಳು ನಾನು ಕೊಂಡ ಸಮಯದವು, ಬೋರ್ಡುಗಳ ಬೆಲೆ ಏರಿಳಿಯುತ್ತಿರುತ್ತದೆ.

ಬಾಕಿ ಇರುವ ಕೆಲಸ

ಎಲ್ಲ ಕಡತಗಳ ಇನ್ನೊಂದು ಪ್ರತಿ ಹಳೆಯ ಹಾರ್ಡ್ ಡಿಸ್ಕಿನಲ್ಲಿದೆ, ಅದನ್ನು ತಮ್ಮನ ಮನೆಯಲ್ಲಿ ಇಡಬೇಕು. ಎರಡು ಸಲ ಓದಿದರೂ ಪರಿಶೀಲನಾ ಸಂಖ್ಯೆ ಕೂಡದ ಸಿ.ಡಿ.ಗಳನ್ನು ಬೇರೆ ಕಂಪನಿಯ ಡ್ರೈವಿನಲ್ಲಿ ಹಾಕಿ ನೋಡಬೇಕಿದೆ. ಒಂದು ಡ್ರೈವ್ ಓದಲಾರದ್ದನ್ನು ಇನ್ನೊಂದು ಓದುವುದುಂಟು, ಹಾಗಾಗಿ ಅವನ್ನು ಎಸೆದಿಲ್ಲ. ಅದಾದ ಮೇಲೆ ಕ್ಯಾಸೆಟ್ಟುಗಳ ಸರದಿ. ಅದಕ್ಕೆ ಮೊದಲು ಡೆಕ್ಕಿನ ರಬ್ಬರ್ ಬೆಲ್ಟ್ ಬದಲಿಸಿ, ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ವೇಗವನ್ನು ಶ್ರುತಿಪೆಟ್ಟಿಗೆಗೆ ಹೋಲಿಸಿ ಸರಿಪಡಿಸಬೇಕು.